ನಾಲ್ಕು ಗಂಟೆಯವರೆಗೆ ನಿಲ್ಲಬೇಕಾಗಿದ್ದ ಚಪ್ಪರ

ನನ್ನ ತಮ್ಮ ತೀರಿಹೋದ ಸುದ್ದಿ ನನಗೆ ಬಂದದ್ದು ಅವನ ಚಪ್ಪರದ ಮೂಲಕ.

ಬೆಳಗಿನ ಪ್ರಾರ್ಥನೆ ಮುಗಿಸಿ ಆಗತಾನೆ ಎದ್ದಿದ್ದೆ. ಈ ವಯಸ್ಸಿನಲ್ಲಿ ನೆಲದಿಂದ ಎದ್ದರೆ ಮೊಣಕಾಲು ನೆಟ್ಟಗಾಗಲು ಸ್ವಲ್ಪ ಹೊತ್ತು ಬೇಕು. ಗೋಡೆ ಹಿಡಿದು ನಿಂತಿರುವಾಗ ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು.

"ಹೊಲಿಗೆಯವರಾ?" ಎಂದಿತು ಒಂದು ಗಂಡಸಿನ ದನಿ.

"ಹೌದು. ಕೆಲಸ ಬಿಟ್ಟು ಏಳು ವರ್ಷ ಆಯ್ತು. ಯಾರು ನೀವು?"

"ನಾನು ಊರೂರು ತಿರುಗೋ ವ್ಯಾನಿನೋರು ತಂಗೋ ಕ್ಯಾಂಪ್ ಮೈದಾನ ನೋಡ್ಕೊಳ್ಳೋನು. ಇಲ್ಲೊಂದು ವ್ಯಾನಿದೆ, ಅದರ ಚಪ್ಪರದ ಚೀಲದ ಮೇಲೆ ನಿಮ್ಮ ನಂಬರು ಬರೆದಿದೆ. 'ಹರಿದರೆ ಇವರಿಗೆ ಹೇಳಿ' ಅಂತ."

ನನಗೆ ನಗು ಬಂತು. ಅದು ನನ್ನ ತಮ್ಮನ ಕೆಲಸವೇ. "ಮತ್ತೆ ಹರ್ಕೊಂಡ್ನಾ? ಅವನ ಕೈಗೇ ಫೋನು ಕೊಡಿ. ಎರಡು ಮಾತು ಬೈಯೋದಿದೆ," ಎಂದೆ.

ಅವನು ಬಹಳ ನಿಧಾನವಾಗಿ, "ಚಪ್ಪರ ಚೆನ್ನಾಗಿದೆ ಯಜಮಾನ್ರೇ. ಚಪ್ಪರಕ್ಕೆ ಏನೂ ಆಗಿಲ್ಲ," ಎಂದ.

ನಾನು ಗೋಡೆಯನ್ನು ಬಿಟ್ಟು ಮತ್ತೆ ನೆಲದ ಮೇಲೆ ಕುಳಿತೆ. ಉಳಿದದ್ದನ್ನು ಅವನು ಹೇಳುವ ಮೊದಲೇ ನನಗೆ ತಿಳಿದುಹೋಗಿತ್ತು.

ಹಿಂದಿನ ದಿನ ಬೆಳಿಗ್ಗೆ ನನ್ನ ತಮ್ಮ ಎಂದಿನಂತೆ ವ್ಯಾನಿನ ಪಕ್ಕದ ಚಪ್ಪರವನ್ನು ಬಿಚ್ಚಿ, ಅದರ ಕೆಳಗೆ ಕುರ್ಚಿ ಹಾಕಿಕೊಂಡು ಚಹಾ ಕುಡಿದನಂತೆ. ಲೋಟ ಕೆಳಗಿಟ್ಟವನು ಎದೆ ಹಿಡಿದುಕೊಂಡನಂತೆ. ಆಂಬುಲೆನ್ಸು ಬಂತು. ಅವನ ಹೆಂಡತಿ ಚಪ್ಪಲಿಯನ್ನೂ ಹಾಕಿಕೊಳ್ಳದೆ, ಫೋನನ್ನು ಒಲೆಯ ಪಕ್ಕದಲ್ಲೇ ಬಿಟ್ಟು ಜೊತೆಯಲ್ಲಿ ಹೋದಳು. ಪೇಟೆಯ ಆಸ್ಪತ್ರೆಯಲ್ಲಿ ಬೆಳಗಿನ ಜಾವಕ್ಕೆ ಅವನ ಜೀವ ಹೋಯಿತು. ಯಾರಿಗೆ ತಿಳಿಸಬೇಕೆಂದು ಹುಡುಕಿದ ಮೈದಾನದವನಿಗೆ ಸಿಕ್ಕಿದ್ದು ನನ್ನ ನಂಬರು ಒಂದೇ.

ಆ ದಿನವೆಲ್ಲ ಬಸ್ಸಿನಲ್ಲಿ ಕುಳಿತು ಸಂಜೆಗೆ ಮೈದಾನ ಮುಟ್ಟಿದೆ. ಹೊರಡುವಾಗ ಕೈಚೀಲಕ್ಕೆ ಎರಡು ಅಂಗಿ ಹಾಕಿದೆ. ದಪ್ಪ ಸೂಜಿ, ಅಂಗೈಗೆ ಕಟ್ಟುವ ಚರ್ಮದ ಪಟ್ಟಿ, ಮೇಣ ಹಚ್ಚಿದ ದಾರದ ಉಂಡೆ, ಇವನ್ನೂ ಹಾಕಿದೆ. ಸಾವಿನ ಮನೆಗೆ ಹೋಗುವವನಿಗೆ ಸೂಜಿ ದಾರ ಯಾಕೆ ಎಂದು ನೀವು ಕೇಳಬಹುದು. ಅವನಲ್ಲಿಗೆ ಹೋಗುವಾಗ ನಾನು ಯಾವತ್ತೂ ಅದಿಲ್ಲದೆ ಹೋದವನಲ್ಲ. ಕೈ ತಾನೇ ಎತ್ತಿಕೊಂಡಿತು.

ಡೇರೆ ಮತ್ತು ಚಪ್ಪರ ಹೊಲಿಯುವುದು ನಮ್ಮ ತಂದೆಯ ಕಸುಬು. ನಾನು ಹದಿನಾಲ್ಕಕ್ಕೇ ಯಂತ್ರದ ಮುಂದೆ ಕುಳಿತವನು. ತಮ್ಮನಿಗೆ ಕೂತಲ್ಲಿ ಕೂರುವ ಗುಣ ಹುಟ್ಟಿನಿಂದಲೇ ಇರಲಿಲ್ಲ. ಸೈಕಲ್ಲಿನ ಹಳೇ ಟಯರೊಂದನ್ನು ಕೋಲಿನಿಂದ ಹೊಡೆಯುತ್ತಾ ಬೀದಿ ಸುತ್ತುತ್ತಿದ್ದ. ಮನೆಯಲ್ಲಿ ಅವನಿಗೆ ಚಕ್ರ ಎಂದೇ ಹೆಸರು. ದೊಡ್ಡವನಾಗಿ ಬಸ್ಸು ಓಡಿಸಿದ. ನಿವೃತ್ತಿಯಾದ ಮೇಲೂ ಕಾಲು ನಿಲ್ಲಲಿಲ್ಲ. ಒಂದು ಹಳೇ ಸಾಮಾನು ಸಾಗಿಸುವ ವ್ಯಾನು ಕೊಂಡು, ಒಳಗೆ ಮಂಚ, ಒಲೆ, ಕಪಾಟು ಕೂಡಿಸಿ, ಬಾಡಿಗೆ ಮನೆಯನ್ನು ಖಾಲಿ ಮಾಡಿ, ಗಂಡ ಹೆಂಡತಿ ಅದರಲ್ಲೇ ಸಂಸಾರ ಹೂಡಿದರು. ಆರು ವರ್ಷ ಅದೇ ಅವರ ಮನೆ. ಅದಕ್ಕೆ ಅಂಗಳ ಬೇಡವೇ ಎಂದು ನಾನೇ ಚಪ್ಪರ ಹೊಲಿದು ಕೊಟ್ಟೆ. ಹನ್ನೊಂದು ಅಡಿ ಉದ್ದ, ಎಂಟು ಅಡಿ ಅಗಲ, ಎಳ್ಳಿನ ಬಣ್ಣದ ದಪ್ಪ ಕ್ಯಾನ್ವಾಸು.

ಅದರ ಕಟ್ಟು ಹೀಗೆ. ವ್ಯಾನಿನ ಪಕ್ಕದ ಗೋಡೆಯ ಮೇಲ್ಭಾಗದಲ್ಲಿ ಉದ್ದಕ್ಕೂ ಒಂದು ಲೋಹದ ಹಳಿ. ಆ ಹಳಿಯ ಸಂದಿಯೊಳಗೆ ಒಂದು ಬಟ್ಟೆಯ ಪಟ್ಟಿ ತೂರಿಕೊಂಡಿರುತ್ತದೆ. ಚಪ್ಪರದ ಅಂಚನ್ನು ಆ ಪಟ್ಟಿಗೆ ಹೊಲಿದಿರುತ್ತೇವೆ. ಆಚೆ ತುದಿಯಲ್ಲಿ ಬಟ್ಟೆ ಸುತ್ತುವ ಉರುಳೆ, ಅದಕ್ಕೆ ಎರಡು ಕಾಲು, ಉರುಳೆಗೂ ಗೋಡೆಗೂ ನಡುವೆ ಎರಡು ಬದಿಗೆ ಒಂದೊಂದು ಸರಳು. ಹಿಡಿ ತಿರುಗಿಸಿದರೆ ಬಟ್ಟೆ ಉರುಳೆಗೆ ಸುತ್ತಿಕೊಂಡು ಗೋಡೆಗೆ ಬಂದು ಸೇರುತ್ತದೆ.

ಉಳಿದ ಎಲ್ಲ ಹೊಲಿಗೆಯನ್ನೂ ನಾವು ದಪ್ಪ ದಾರದಲ್ಲಿ ಎರಡೆರಡು ಸಾಲು ಹಾಕುತ್ತೇವೆ. ಪಟ್ಟಿಗೂ ಚಪ್ಪರಕ್ಕೂ ನಡುವಿನ ಹೊಲಿಗೆಗೆ ಮಾತ್ರ ತೆಳು ಹತ್ತಿ ದಾರ, ಅದೂ ಒಂದೇ ಸಾಲು. ನಮ್ಮ ಅಂಗಡಿಯಲ್ಲಿ ಅದಕ್ಕೆ ಸೋಲುವ ಹೊಲಿಗೆ ಎಂದು ಹೆಸರು. "ದೊಡ್ಡ ಗಾಳಿ ಬಂದಾಗ ಏನಾದರೊಂದು ಸೋಲಲೇಬೇಕು. ದಾರ ಸೋಲಲಿ. ಬಟ್ಟೆ ಇಡಿಯಾಗಿ ಕೆಳಗೆ ಬೀಳುತ್ತೆ, ಮತ್ತೆ ಹೊಲಿದರಾಯ್ತು. ಆ ದಾರ ಗಟ್ಟಿ ಮಾಡಿದೆಯೋ, ಬಟ್ಟೆಯೂ ಹೋಗುತ್ತೆ, ಗೋಡೆಯೂ ಹೋಗುತ್ತೆ," ಎನ್ನುತ್ತಿದ್ದರು ನಮ್ಮ ತಂದೆ. ಅಂಗಡಿಗೆ ಬಂದ ಪ್ರತಿ ಕೆಲಸಗಾರನಿಗೂ ಇದು ಮೊದಲ ಪಾಠ.

ಆರು ವರ್ಷದಲ್ಲಿ ಆ ಹೊಲಿಗೆ ನಾಲ್ಕು ಸಲ ಸೋತಿತು. ನಾಲ್ಕು ಸಲವೂ ನನ್ನ ತಮ್ಮ ಆ ಬಟ್ಟೆಯನ್ನು ಹೆಗಲ ಮೇಲೆ ಹೊತ್ತು ನನ್ನ ಬಾಗಿಲಿಗೆ ಬಂದ. "ಅಣ್ಣ, ನಿನ್ನ ಹೊಲಿಗೆ ನಿನ್ನ ಕೋಪದ ಹಾಗೆ. ಸ್ವಲ್ಪ ಗಾಳಿ ಸಿಕ್ಕರೆ ಸಾಕು, ಕಿತ್ಕೊಂಡು ಹೊರಗೆ ಬರುತ್ತೆ. ಒಂದು ಸಲ ಗಟ್ಟಿಯಾಗಿ ಹಾಕಿಬಿಡೋ," ಎನ್ನುವನು. ನಾನು ಕೇಳುತ್ತಿರಲಿಲ್ಲ. ಹೊಲಿಯುವುದು ಒಂದು ಗಂಟೆಯ ಕೆಲಸ. ಅವನು ಎರಡು ದಿನ ಉಳಿಯುತ್ತಿದ್ದ.

ನಾನು ಹೋದಾಗ ಅವನ ಹೆಂಡತಿ ವ್ಯಾನಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಅಳಲಿಲ್ಲ. "ಭಾವ, ಊಟ ಆಯ್ತಾ?" ಎಂದಳು. ಅಷ್ಟಕ್ಕೇ ನಾನು ಅತ್ತುಬಿಟ್ಟೆ.

ಕುರ್ಚಿ ಅವನು ಬಿಟ್ಟಲ್ಲೇ ಇತ್ತು. ಚಪ್ಪರ ಅವನು ಬಿಚ್ಚಿದ ಹಾಗೆಯೇ ಇತ್ತು. ಅವರ ಒಬ್ಬಳೇ ಮಗಳು ಅಷ್ಟು ಹೊತ್ತಿಗೆ ತನ್ನ ಊರಿನಿಂದ ನೇರವಾಗಿ ಆಸ್ಪತ್ರೆ ಸೇರಿದ್ದಳು. ಕಾಗದಪತ್ರದ ಕೆಲಸ ಮುಗಿಸಿ ಮರುದಿನ ನಾಲ್ಕು ಗಂಟೆಗೆ ಅವನನ್ನು ಇಲ್ಲಿಗೆ ಕರೆತರುವುದೆಂದು ಗೊತ್ತಾಗಿತ್ತು. ಒಂದು ಗಂಟೆ ಇಲ್ಲಿ ಇಟ್ಟುಕೊಂಡು, ಆಮೇಲೆ ಪೇಟೆಯಲ್ಲಿ ಅಂತ್ಯಕ್ರಿಯೆ.

"ಒಳಗೆ ಮಲಗಿಸೋಕೆ ಆಗಲ್ಲ ಭಾವ," ಎಂದಳು ಅವಳು. "ಬಾಗಿಲು ಅಗಲ ಇಲ್ಲ, ಒಳಗೆ ತಿರುಗೋಕೂ ಜಾಗ ಇಲ್ಲ. ನಾನು ಅಳತೆ ಮಾಡಿ ನೋಡಿದೆ. ಇಲ್ಲೇ ಚಪ್ಪರದ ಕೆಳಗೆ ಮಲಗಿಸೋಣ. ಮನುಷ್ಯ ತನ್ನ ಅಂಗಳದಿಂದ ಹೋಗ್ಬೇಕು. ದಾರಿಹೋಕರ ಹಾಗೆ ಆಸ್ಪತ್ರೆಯಿಂದ ಹಾಗೇ ಹೋಗೋದು ಬೇಡ. ನನಗೆ ಇನ್ನೇನೂ ಬೇಡ."

ಆಗಲಿ ಎಂದೆ. ಅದರಲ್ಲಿ ಕಷ್ಟವೇನು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಎಲೆ ಅಲುಗದಷ್ಟು ಶಾಂತವಾಗಿತ್ತು. ಒಂಬತ್ತು ಗಂಟೆಗೆ ಪಕ್ಕದ ವ್ಯಾನಿನಿಂದ ಒಬ್ಬ ಹೆಂಗಸು ಬಂದಳು. ನಿವೃತ್ತ ಹಲ್ಲಿನ ಡಾಕ್ಟರು, ಅರವತ್ತು ದಾಟಿದವಳು, ಒಬ್ಬಳೇ ಊರೂರು ತಿರುಗುವವಳು. ಆಸ್ಪತ್ರೆಯಿಂದ ನನ್ನ ತಮ್ಮನ ಹೆಂಡತಿಯನ್ನು ಕರೆತಂದದ್ದೂ ಅವಳೇ. ಕೈಯಲ್ಲಿ ಫೋನು ಹಿಡಿದಿದ್ದಳು.

"ಮಧ್ಯಾಹ್ನದ ಮೇಲೆ ಗಾಳಿ ಅಂತೆ," ಎಂದಳು. "ಎರಡು ಗಂಟೆಯಿಂದ ಜೋರು. ಸಂಜೆ ಏಳಕ್ಕೆ ಇಳಿಯುತ್ತೆ ಅಂತ ತೋರಿಸ್ತಿದೆ."

ಅವಳ ಬೆನ್ನಿಗೇ ಮೈದಾನ ನೋಡಿಕೊಳ್ಳುವವನು ಬಂದ. ದಿನವೂ ದೊಡ್ಡ ಸುತ್ತಿಗೆ ಹಿಡಿದು ಎಲ್ಲರ ಗೂಟ ಪರೀಕ್ಷೆ ಮಾಡುತ್ತಿದ್ದುದರಿಂದ ಅಲ್ಲಿನವರು ಅವನಿಗೆ ಗೂಟಪ್ಪ ಎಂದು ಹೆಸರಿಟ್ಟಿದ್ದರು. ಅವನ ಎದುರಿಗೇ ಹಾಗೆ ಕರೆಯುತ್ತಿದ್ದರು. ಅವನೂ ಓಗೊಡುತ್ತಿದ್ದ.

"ಎಲ್ಲರೂ ಚಪ್ಪರ ಸುತ್ತಬೇಕು," ಎಂದ ಅವನು. ನನ್ನ ತಮ್ಮನ ಹೆಂಡತಿಯ ಮುಖ ನೋಡಿ ದನಿ ತಗ್ಗಿಸಿದ. "ನಿಮಗೂ ಅಷ್ಟೇ ಅಮ್ಮಾ. ಈಗ ಸುತ್ತಿಡೋಣ, ನಾಲ್ಕು ಗಂಟೆಗೆ ಬಿಚ್ಚೋಣ."

"ಸುತ್ತಿದರೆ ಮತ್ತೆ ಬಿಚ್ಚೋದು ಅವರಿಗೆ ಮಾತ್ರ ಗೊತ್ತು," ಎಂದಳು ಅವಳು.

ಅದು ನಿಜ. ಉರುಳೆಯ ಹಲ್ಲು ಸವೆದು ಎರಡು ವರ್ಷವಾಗಿತ್ತು. ಎಡಗಡೆ ಅಂಗೈಯಿಂದ ಒಂದು ಪೆಟ್ಟು, ಹಿಡಿಯನ್ನು ಹಿಂದಕ್ಕೆ ಕಾಲು ಸುತ್ತು, ಆಮೇಲೆ ಮುಂದಕ್ಕೆ, ಹೀಗೇನೋ ಒಂದು ಕೈಚಳಕ ಅವನದು. ಬೇರೆ ಯಾರು ಮುಟ್ಟಿದರೂ ಸಿಕ್ಕಿಹಾಕಿಕೊಳ್ಳುತ್ತಿತ್ತು.

"ಹಾಗಾದ್ರೆ ಚಪ್ಪರನ ಹಳಿಯಿಂದ ಬಿಡಿಸಿ ತೆಗೆದಿಟ್ಟು ಆಮೇಲೆ ಕಟ್ಟೋಣ," ಎಂದೆ ನಾನು.

"ಬೇಡ ಭಾವ. ಅದು ಅವರು ಕೊನೇ ಸಲ ಬಿಚ್ಚಿದ್ದು. ಅವರು ಬಿಚ್ಚಿದ ಹಾಗೇ ಇರಲಿ. ನಾಲ್ಕು ಗಂಟೆವರೆಗೆ ತಾನೇ? ನೀವು ಜೀವಮಾನವೆಲ್ಲ ಇದನ್ನೇ ಮಾಡಿದವರು. ನಿಲ್ಲಿಸಿಕೊಡಿ."

ಗೂಟಪ್ಪ ನನ್ನ ಕಡೆ ನೋಡಿದ. ಡಾಕ್ಟರಮ್ಮ ನೋಡಿದಳು. ಆ ಹೊತ್ತಿನಲ್ಲಿ ಆಗುವುದಿಲ್ಲ ಎನ್ನುವ ನಾಲಿಗೆ ನನಗಿರಲಿಲ್ಲ. "ನಿಲ್ಲಿಸ್ತೀನಿ," ಎಂದೆ.

ಹತ್ತು ಗಂಟೆಯ ಹೊತ್ತಿಗೆ ಮೈದಾನದ ಚಪ್ಪರಗಳೆಲ್ಲ ಒಂದೊಂದಾಗಿ ಒಳಗೆ ಸೇರಿಕೊಂಡವು. ಅಷ್ಟು ದೊಡ್ಡ ಬಯಲಿನಲ್ಲಿ ನಮ್ಮದೊಂದೇ ಉಳಿಯಿತು.

ನನಗೆ ಗೊತ್ತಿದ್ದುದನ್ನೆಲ್ಲ ಮಾಡಿದೆ. ಮೊದಲು ಎರಡೂ ಕಾಲನ್ನು ಒಂದು ಮೊಳ ಇಳಿಸಿ ಚಪ್ಪರವನ್ನು ತಗ್ಗಿಸಿದೆ. ಎತ್ತರವಿದ್ದಷ್ಟೂ ಗಾಳಿ ಒಳಗೆ ನುಗ್ಗುತ್ತದೆ. ಒಂದು ಮೂಲೆಯನ್ನು ಇನ್ನೂ ಕೆಳಗಿಟ್ಟೆ. ಬಟ್ಟೆಯ ಪಕ್ಕದ ಅಂಚುಗಳು ಪಟಪಟಿಸದಂತೆ ಬದಿಯ ಸರಳುಗಳಿಗೆ ಸೇರಿಸಿ ಕ್ಲಿಪ್ಪು ಹಾಕಿದೆ. ಚಪ್ಪರದ ಬೆನ್ನ ಮೇಲೆ ಅಡ್ಡಡ್ಡಕ್ಕೆ ಅಗಲದ ಪಟ್ಟಿಯೊಂದನ್ನು ಹಾಯಿಸಿ, ಎರಡೂ ತುದಿಯನ್ನು ಹಗ್ಗದಿಂದ ನೆಲಕ್ಕೆ ಬಿಗಿಸಬೇಕಾಗಿತ್ತು. ಗೂಟಪ್ಪ ಒಂದೂವರೆ ಅಡಿಯ ಕಬ್ಬಿಣದ ಗೂಟಗಳನ್ನು ತಂದು, ಹಗ್ಗದ ಎಳೆತಕ್ಕೆ ಎದುರಾಗಿ ಓರೆಯಾಗಿ ಹೊಡೆದ. ಹೊಡೆದದ್ದರಲ್ಲಿ ಒಂದು ತಪ್ಪು ಜಾಗದಲ್ಲಿತ್ತು. ಅದನ್ನು ಕೀಳಲು ಇಬ್ಬರೂ ಹೆಣಗಾಡುತ್ತಿದ್ದಾಗ ಡಾಕ್ಟರಮ್ಮ ಬಂದು, "ಸರಿಯಿರಿ, ಕೀಳೋದು ನನ್ನ ಕಸುಬು," ಎಂದು ಗೂಟವನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ಎತ್ತಿದಳು.

"ನೋವಾಗ್ಲಿಲ್ಲ ಡಾಕ್ಟ್ರೇ," ಎಂದ ಗೂಟಪ್ಪ.

ಮೆಟ್ಟಿಲ ಮೇಲೆ ಕುಳಿತಿದ್ದ ನನ್ನ ತಮ್ಮನ ಹೆಂಡತಿ ನಕ್ಕಳು. ನಕ್ಕದ್ದಕ್ಕೆ ತಾನೇ ಬೆಚ್ಚಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ವ್ಯಾನಿನ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಿ ನಿಲ್ಲಿಸಿದರೆ ಅರ್ಧ ಕಷ್ಟ ತಪ್ಪುತ್ತಿತ್ತು. ಕೀಲಿ ಕೇಳಿದೆ. ಅವಳು ಒಲೆಯ ಪಕ್ಕ ನೋಡಿದಳು, ಮೊಳೆಯ ಮೇಲೆ ನೋಡಿದಳು, ಹಾಸಿಗೆಯ ಕೆಳಗೆ ನೋಡಿದಳು. ಕೊನೆಗೆ ಸುಮ್ಮನೆ ನಿಂತು, "ಅವರ ಪ್ಯಾಂಟಿನ ಜೇಬಲ್ಲಿದೆ," ಎಂದಳು. ಪ್ಯಾಂಟು ಆಸ್ಪತ್ರೆಯ ಗಂಟಿನಲ್ಲಿತ್ತು. ಅದೂ ನಾಲ್ಕು ಗಂಟೆಗೇ ಬರಬೇಕು.

ಡಾಕ್ಟರಮ್ಮ ತನ್ನ ದೊಡ್ಡ ವ್ಯಾನನ್ನು ತಂದು ಗಾಳಿ ಬರುವ ದಿಕ್ಕಿಗೆ ಅಡ್ಡ ನಿಲ್ಲಿಸಿದಳು. ಒಂದೂವರೆ ಗಂಟೆಗೆ ಮೊದಲ ಗಾಳಿ ಬಂತು. ಚಪ್ಪರ ಒಮ್ಮೆ ಉಸಿರೆಳೆದುಕೊಂಡು ಬಿಟ್ಟಿತು. ಹಗ್ಗಗಳು ಹಿಡಿದವು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗೂಟಪ್ಪ, "ಯಜಮಾನ್ರೇ, ನಿಮ್ಮ ತಮ್ಮ ನೋಡಿದ್ರೆ ನಿಮ್ಮನ್ನ ಹೊಗಳೋರು," ಎಂದ.

"ಅವನು ಹೊಗಳೋ ಜಾತಿಯಲ್ಲ. ತಡವಾಯ್ತು ಅಂತಿದ್ದ," ಎಂದೆ.

ಆಗ ನನ್ನೊಳಗೆ ಸ್ವಲ್ಪ ಜಂಬ ಬಂದದ್ದು ನಿಜ. ಅದನ್ನು ಬಚ್ಚಿಡುವುದಿಲ್ಲ.

ಎರಡೂವರೆಗೆ ಗಾಳಿ ದಿಕ್ಕು ಬದಲಿಸಿತು. ಮೈದಾನದ ಒಂದು ಕಡೆ ದೊಡ್ಡ ಕೆರೆ. ಅಲ್ಲಿಯವರೆಗೆ ಮರಗಳ ಕಡೆಯಿಂದ ಬರುತ್ತಿದ್ದುದು ಈಗ ನೀರಿನ ಮೇಲಿಂದ ತಡೆಯಿಲ್ಲದೆ ಬಂದು ಚಪ್ಪರದ ಹೊಟ್ಟೆಯ ಕೆಳಗೆ ಹೊಕ್ಕಿತು. ಡಾಕ್ಟರಮ್ಮನ ವ್ಯಾನು ಈಗ ತಪ್ಪು ದಿಕ್ಕಿನಲ್ಲಿ ನಿಂತಿತ್ತು. ನೀರಿನ ಕಡೆಗೆ ತಂದು ನಿಲ್ಲಿಸೋಣವೆಂದರೆ ಅಲ್ಲಿ ನೆಲ ಕೆಸರು. ಚಕ್ರ ಹೂತುಹೋಗುತ್ತದೆ.

ನಾನು ಹಳಿಯ ಕೆಳಗೆ ಕಿವಿಗೊಟ್ಟು ನಿಂತೆ. ಟಿಕ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಿಕ್. ಹತ್ತಿ ದಾರದ ಎಳೆಗಳು ಒಂದೊಂದಾಗಿ ಕಡಿಯುವ ಸದ್ದು. ಬಟ್ಟೆಗೂ ಪಟ್ಟಿಗೂ ನಡುವೆ ಎಡತುದಿಯಲ್ಲಿ ನಾಲ್ಕು ಬೆರಳು ಬೆಳಕು ಕಂಡಿತು.

ಅದೇ ಹೊತ್ತಿಗೆ ಆಸ್ಪತ್ರೆಯಿಂದ ಮಗಳ ಫೋನು. "ದೊಡ್ಡಪ್ಪ, ಇನ್ನೊಂದು ಸಹಿ ಬಾಕಿ ಇದೆಯಂತೆ. ಸಹಿ ಹಾಕೋರು ಊಟಕ್ಕೆ ಹೋಗಿದಾರೆ. ಅರ್ಧ ಗಂಟೆ ತಡ ಆಗ್ಬಹುದು. ಅಲ್ಲಿ ಗಾಳಿನಾ? ಇಲ್ಲಿ ಕಿಟಕಿಯೆಲ್ಲ ಬಡ್ಕೊಳ್ತಿದೆ. ಚಪ್ಪರ ಇದೆಯಲ್ಲ? ಅಮ್ಮ ಬೆಳಿಗ್ಗೆಯಿಂದ ಅದೊಂದೇ ಹೇಳ್ತಿದಾಳೆ."

"ಇದೆ, ನೀವು ಬನ್ನಿ," ಎಂದೆ.

ಫೋನು ಇಟ್ಟು ತಿರುಗಿದರೆ ಅವಳ ತಾಯಿ ನನ್ನ ಪಕ್ಕದಲ್ಲೇ ಇದ್ದಳು. ಹಳಿಯ ಕೆಳಗಿನ ಬೆಳಕನ್ನು ನೋಡುತ್ತಿದ್ದಳು.

"ದಾರ ಹೋಗ್ತಿದೆ ಅಲ್ವಾ ಭಾವ?"

"ಹೌದಮ್ಮ."

"ಗಟ್ಟಿ ದಾರ ತಂದಿದೀರಲ್ಲ. ಹಾಕಿ."

"ಆ ಜಾಗಕ್ಕೆ ಅದನ್ನ ಹಾಕಬಾರದು ಕಣಮ್ಮ."

"ಯಾಕೆ?"

"ಅಪ್ಪ ಹೇಳಿದ್ದು. ಅದು ಸೋಲೋದಕ್ಕೇ ಇರೋದು. ಸೋತರೆ ಬಟ್ಟೆ ಕೆಳಗೆ ಬೀಳುತ್ತೆ, ಅಷ್ಟೇ. ಬೇರೇನೂ ಹಾಳಾಗಲ್ಲ."

"ಬಿದ್ದರೆ ನಾಲ್ಕು ಗಂಟೆಗೆ ಚಪ್ಪರ ಎಲ್ಲಿರುತ್ತೆ?" ಎಂದಳು. "ಮಾವ ದೊಡ್ಡವರು, ಬೇಡ ಅನ್ನಲ್ಲ. ಆದ್ರೆ ಅವರು ಇಂಥ ದಿನಕ್ಕೆ ಹೇಳಿದ್ದಾ ಅದು? ಆರು ವರ್ಷ ನಿಮ್ಮ ತಮ್ಮ ನಿಮ್ಮನ್ನ ಬೇಡಿಕೊಂಡ್ರು, ಒಂದು ಸಲ ಗಟ್ಟಿಯಾಗಿ ಹಾಕು ಅಂತ. ಈಗಲಾದ್ರೂ ಹಾಕಿ."

ಐವತ್ತು ವರ್ಷ ನಾನು ಸಾವಿರಾರು ಮೊಳ ಬಟ್ಟೆ ಹೊಲಿದಿದ್ದೇನೆ. ಆ ಹೊಲಿಗೆಯಲ್ಲಿ ಒಮ್ಮೆಯೂ ತಪ್ಪಿದವನಲ್ಲ. ಒಬ್ಬ ಕೆಲಸಗಾರ ಹಾಗೆ ಗಟ್ಟಿ ದಾರ ಹಾಕಿದನೆಂದು ಅವನನ್ನು ಅಂಗಡಿಯಿಂದ ಕಳುಹಿಸಿದ್ದೂ ಉಂಟು. ಅದೆಲ್ಲ ಗೊತ್ತಿದ್ದೂ ನಾನು ಚೀಲದಿಂದ ದಾರದ ಉಂಡೆ ತೆಗೆದೆ. ಅವಳು ಬಲವಂತ ಮಾಡಿದಳು ಎಂದು ಹೇಳಿದರೆ ಸುಳ್ಳಾಗುತ್ತದೆ. ತಮ್ಮ ಕೇಳಿದಾಗಲೆಲ್ಲ ಇಲ್ಲ ಎಂದಿದ್ದೆ. ಇನ್ನು ಅವನು ಕೇಳುವುದಿಲ್ಲ. ಅದು ನನ್ನನ್ನು ತಿನ್ನುತ್ತಿತ್ತು.

ಸ್ಟೂಲು ಹತ್ತಿ ನಿಂತೆ. ಡಾಕ್ಟರಮ್ಮ ಹಿಂದಿನಿಂದ ನನ್ನ ಸೊಂಟ ಹಿಡಿದುಕೊಂಡಳು. "ನನ್ನ ಗಂಡನ್ನೂ ಹೀಗೆ ಹಿಡಿದವಳಲ್ಲ ನಾನು, ಬೇಗ ಮುಗಿಸಿ," ಎಂದಳು. ಗೂಟಪ್ಪ ಬಟ್ಟೆಯನ್ನು ಪಟ್ಟಿಯ ಹತ್ತಿರಕ್ಕೆ ಎಳೆದು ಹಿಡಿದ. ಮೇಣದ ದಾರವನ್ನು ಎರಡೆಳೆ ಮಾಡಿ, ಅಂಗೈಯ ಚರ್ಮದಿಂದ ಸೂಜಿಯನ್ನು ಒತ್ತಿ, ಒಂದು ತುದಿಯಿಂದ ಹೊಲಿಯುತ್ತಾ ಬಂದೆ. ಗಾಳಿ ಬಟ್ಟೆಯನ್ನು ಎತ್ತಿದಾಗಲೆಲ್ಲ ಸೂಜಿ ಬೆರಳಿಗೆ ಚುಚ್ಚಿತು. ಹನ್ನೊಂದು ಅಡಿ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಪ್ರತಿ ಹೊಲಿಗೆಗೂ ದೇವರ ಹೆಸರು ಹೇಳಿದೆ. ನಾಲ್ಕೂವರೆಯವರೆಗೆ ಈ ಗಾಳಿಯನ್ನು ಹಿಡಿದುಕೋ ಎಂದು ಬೇಡಿದೆ. ನನ್ನ ಸ್ವಂತಕ್ಕೆಂದು ನಾನು ಅವನಲ್ಲಿ ಬೇಡಿದ್ದು ಬಹಳ ಕಡಿಮೆ.

ಕೆಳಗಿಳಿದಾಗ ಟಿಕ್ ಟಿಕ್ ನಿಂತಿತ್ತು. ನನ್ನ ತಮ್ಮನ ಹೆಂಡತಿ ಅವನ ಕುರ್ಚಿಯನ್ನು ಮಡಚಿ ತೆಗೆದು, ನೆಲ ಗುಡಿಸಿ, ಚಾಪೆ ಹಾಸಿ, ಚಾಪೆಯ ನಾಲ್ಕು ಮೂಲೆಗೆ ಕಲ್ಲಿಟ್ಟಳು. ತಲೆ ಯಾವ ಕಡೆ ಬರಬೇಕೆಂದು ನನ್ನನ್ನು ಕೇಳಿದಳು. ಹೇಳಿದೆ.

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಕೆರೆಯ ನೀರು ಕಪ್ಪಾಗಿ ಮಡಿಕೆ ಮಡಿಕೆಯಾಗಿ ಬರುವುದು ದೂರದಿಂದಲೇ ಕಂಡಿತು. ಗೂಟಪ್ಪ ಓಡಿಹೋಗಿ ಒಂದು ಕಾಲನ್ನು ಅಪ್ಪಿ ಹಿಡಿದ. ನಾನು ಇನ್ನೊಂದನ್ನು ಹಿಡಿದೆ. "ಅಮ್ಮಾ, ಈಚೆಗೆ ಬಾ," ಎಂದು ಡಾಕ್ಟರಮ್ಮ ನನ್ನ ತಮ್ಮನ ಹೆಂಡತಿಯನ್ನು ಕೈ ಹಿಡಿದು ಎಳೆದಳು. ಎಳೆದದ್ದು ಒಳ್ಳೆಯದಾಯಿತು.

ಚಪ್ಪರ ಹೊಟ್ಟೆಯುಬ್ಬಿ ಮೇಲೆದ್ದಿತು. ನನ್ನ ದಾರ ಕಡಿಯಲಿಲ್ಲ. ಅದು ಹಿಡಿದುಕೊಂಡೇ ಇತ್ತು. ಅದು ಬಿಡದ ಕಾರಣ ಗಾಳಿ ಹಳಿಯನ್ನೇ ಹಿಡಿದು ಎಳೆಯಿತು. ತಿರುಪುಗಳು ಗೋಡೆಯಿಂದ ಒಂದಾದ ಮೇಲೊಂದು ಸಿಡಿದವು. ವ್ಯಾನಿನ ಪಕ್ಕದ ತಗಡು ಹಳಿಯೊಂದಿಗೆ ಸುಲಿದುಕೊಂಡು ಬಂತು. ನನ್ನ ಕೈಯಲ್ಲಿದ್ದ ಕಾಲು ಬಾಗಿ, ನನ್ನನ್ನು ನೆಲಕ್ಕೆ ಕೆಡವಿ, ಕೈಬಿಟ್ಟು ಹೋಯಿತು. ಉರುಳೆ, ಸರಳು, ಬಟ್ಟೆ ಎಲ್ಲ ಒಟ್ಟಾಗಿ ವ್ಯಾನಿನ ನೆತ್ತಿಯ ಮೇಲಿಂದ ಆಚೆಗೆ ಮಗುಚಿಕೊಂಡವು. ಬೆನ್ನ ಮೇಲಿನ ಪಟ್ಟಿ ಮಾತ್ರ ಗೂಟ ಬಿಡಲಿಲ್ಲ. ಅದು ಹಿಡಿದ ಜಾಗದಲ್ಲಿ ಕ್ಯಾನ್ವಾಸು ಈ ಅಂಚಿನಿಂದ ಆ ಅಂಚಿಗೆ ನೇರವಾಗಿ ಸೀಳಿತು. ಅಂಥ ಬಟ್ಟೆ ನಡುವೆ ಸೀಳಿದ್ದನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಎದ್ದು ನೋಡಿದರೆ ವ್ಯಾನಿನ ಗೋಡೆಯಲ್ಲಿ ಬಾಗಿಲಿಗಿಂತ ದೊಡ್ಡ ಸೀಳು. ಒಳಗಿನ ಕಪಾಟು, ಕಪಾಟಿನಲ್ಲಿ ಎರಡು ಲೋಟ, ಮೊಳೆಗೆ ತೂಗುಹಾಕಿದ ಅವನ ಟವೆಲು, ಎಲ್ಲ ಬಯಲಿಗೆ ಕಾಣುತ್ತಿತ್ತು. ಟವೆಲು ಗಾಳಿಗೆ ಹೊಯ್ದಾಡುತ್ತಿತ್ತು.

ನಾನು ಆಚೆ ಹೋಗಿ ಬಟ್ಟೆಯನ್ನು ಎಳೆದು ನೋಡಿದೆ. ಎರಡು ತುಂಡು. ಒಂದು ತುಂಡು ಮುಳ್ಳಿನ ಬೇಲಿಗೆ ಸಿಕ್ಕಿ ಚಿಂದಿಯಾಗುತ್ತಿತ್ತು. ಅಲ್ಲಿ ನಿಂತಾಗ ನನಗೆ ಹೊಳೆಯಿತು. ಹತ್ತಿ ದಾರವನ್ನು ಅದರ ಪಾಡಿಗೆ ಬಿಟ್ಟಿದ್ದರೆ ಮೂರು ಗಂಟೆಗೆ ಅದು ಸೋಲುತ್ತಿತ್ತು. ಬಟ್ಟೆ ಇಡಿಯಾಗಿ ನೆಲಕ್ಕೆ ಬೀಳುತ್ತಿತ್ತು. ನಾಲ್ಕು ಜನ ನಾಲ್ಕು ಮೂಲೆ ಹಿಡಿದು ನಿಂತಿದ್ದರೂ ಅವನ ಮೇಲೆ ಅವನ ಚಪ್ಪರ ಇರುತ್ತಿತ್ತು. ಅವನು ವಾಸವಿದ್ದ ಗೋಡೆಯೂ ಉಳಿಯುತ್ತಿತ್ತು. ಇಷ್ಟು ಸುಲಭದ ಮಾತು ಬೆಳಗಿನಿಂದ ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ. ಉಳಿದವರಿಗೆ ತೋಚದಿದ್ದುದು ಸಹಜ. ನನಗೆ ತೋಚಬೇಕಾಗಿತ್ತು.

ಅವಳ ಮುಂದೆ ಬಂದು ನಿಂತೆ. "ತಪ್ಪು ನನ್ನದಮ್ಮ. ಗೊತ್ತಿದ್ದೂ ಮಾಡಿದೆ," ಎಂದೆ.

"ನಾನೇ ತಾನೇ ಹಾಕಿ ಅಂದದ್ದು," ಎಂದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಗೂಟಪ್ಪ ಒಳ್ಳೆಯ ಮನುಷ್ಯ. ಸಮಾಧಾನ ಹೇಳಬೇಕೆಂದು, "ದೇವರ ಆಕಾಶನೇ ಚಪ್ಪರ ಅಂದ್ಕೊಳ್ಳಿ ಅಮ್ಮಾ," ಎಂದ.

"ಆಕಾಶ ಎಲ್ಲರಿಗೂ ಇದೆ," ಎಂದಳು ಅವಳು. "ಇದು ಅವರದಾಗಿತ್ತು."

ಅವನು ತಲೆ ತಗ್ಗಿಸಿ, ಸುತ್ತಿಗೆ ಎತ್ತಿಕೊಂಡು, ಉಳಿದ ಗೂಟಗಳನ್ನು ಕೀಳಲು ಹೋದ.

ನಾಲ್ಕು ಇಪ್ಪತ್ತಕ್ಕೆ ಅವನನ್ನು ಹೊತ್ತ ಕಪ್ಪು ವ್ಯಾನು ಗೇಟಿನೊಳಗೆ ಬಂತು. ಮಗಳು ಮುಂದಿನ ಸೀಟಿನಿಂದ ಇಳಿದಳು. ಮಡಿಲಲ್ಲಿ ತಂದೆಯ ಬಟ್ಟೆಯ ಗಂಟು. ಸುಲಿದ ಗೋಡೆಯನ್ನು ನೋಡಿದಳು, ಬರಿಯ ಚಾಪೆಯನ್ನು ನೋಡಿದಳು.

"ದೊಡ್ಡಪ್ಪ, ಇದೆ ಅಂದ್ರಲ್ಲ," ಎಂದಳು.

ಅವಳು ಹೆಚ್ಚು ಕೇಳಲಿಲ್ಲ. ಹೋಗಿ ತಾಯಿಯನ್ನು ತಬ್ಬಿಕೊಂಡಳು. ಎರಡು ದಿನದಲ್ಲಿ ಆಗ ಮೊದಲ ಬಾರಿಗೆ ನನ್ನ ತಮ್ಮನ ಹೆಂಡತಿ ದನಿ ತೆಗೆದು ಅತ್ತಳು. ಗಾಳಿಯಲ್ಲಿ ಅದು ಪೂರ್ತಿ ಕೇಳಿಸಲೂ ಇಲ್ಲ.

ಅವನನ್ನು ಇಳಿಸಿ ಚಾಪೆಯ ಮೇಲೆ ಮಲಗಿಸಿದೆವು. ಕಪ್ಪು ವ್ಯಾನಿನ ಚಾಲಕ ನನ್ನನ್ನು ಪಕ್ಕಕ್ಕೆ ಕರೆದು, "ಯಜಮಾನ್ರೇ, ಇಂಥ ಗಾಳಿಯಲ್ಲಿ ಒಂದು ಗಂಟೆ ಆಗಲ್ಲ. ಹತ್ತು ನಿಮಿಷದಲ್ಲಿ ಹೊರಡಬೇಕು. ದಾರಿಯಲ್ಲಿ ಮರ ಬೀಳ್ತಿವೆ," ಎಂದ. ಆಗಲಿ ಎಂದೆ. ಆ ದಿನ ನಾನು ಬೇರೆ ಏನು ಹೇಳಬಹುದಾಗಿತ್ತು?

ಮುಖ ನೋಡಿದೆ. ಕ್ಷೌರ ಮಾಡಿಸಿದ್ದರು. ಯಾರದೋ ಕೈ ಅವನ ಕೂದಲನ್ನು ತಪ್ಪು ಕಡೆಗೆ ಬಾಚಿತ್ತು. ಗಾಳಿ ಅದನ್ನೂ ಕೆದರಿತು. ಧೂಳು ಅವನ ಹಣೆಯ ಮೇಲೆ ಬೀಳುತ್ತಿತ್ತು. ಮಗಳು ಅಂಗೈಯಿಂದ ಒರೆಸುವಳು, ಮತ್ತೆ ಬೀಳುವುದು, ಮತ್ತೆ ಒರೆಸುವಳು. ಹೊದಿಸಿದ ಬಿಳಿ ಬಟ್ಟೆ ನಿಲ್ಲದೆ ಏಳುತ್ತಿತ್ತು. ನಾನು ಕಾಲಬುಡದಲ್ಲಿ ಕುಳಿತು ಅದರ ಅಂಚನ್ನು ಎರಡು ಕೈಯಿಂದ ನೆಲಕ್ಕೆ ಒತ್ತಿ ಹಿಡಿದುಕೊಂಡೆ. ನನ್ನಿಂದಾದದ್ದು ಅಷ್ಟೇ. ಡಾಕ್ಟರಮ್ಮ, "ಯಾರಾದರೂ ಪ್ರಾರ್ಥನೆ ಹೇಳಿ," ಎಂದಳು. ಎಲ್ಲರೂ ನನ್ನ ಕಡೆ ನೋಡಿದರು. ಇಂಥ ಹೊತ್ತಿಗೆ ಹೇಳಬೇಕಾದದ್ದು ನನಗೆ ಬಾಯಿಪಾಠ. ಆದರೆ ಒಂದು ಅಕ್ಷರವೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

ದೇವರೇ, ಈ ದಿನ ನಿನ್ನಲ್ಲಿ ಒಂದನ್ನು ಬೇಡಿದೆ, ನೀನು ಕೊಡಲಿಲ್ಲ. ಯಾಕೆಂದು ಕೇಳುವುದಿಲ್ಲ. ಇವನು ನನ್ನ ತಮ್ಮ. ನನಗಿಂತ ನಾಲ್ಕು ವರ್ಷ ಚಿಕ್ಕವನು. ನಾನು ಇವನನ್ನು ನೋಡಿಕೊಳ್ಳಬೇಕಾಗಿತ್ತು, ಈಗ ನನ್ನ ಕೈಗೆ ಎಟುಕುವುದಿಲ್ಲ. ಇನ್ನು ನೀನು ನೋಡಿಕೋ. ಇವನು ಯಾರಿಗಾದರೂ ನೋವು ಮಾಡಿದ್ದರೆ ಕ್ಷಮಿಸು. ಇವನಿಗೆ ನಾವು ಮಾಡಿದ್ದನ್ನು ಇವನು ಮರೆಯುವಂತೆ ಮಾಡು. ಇವನ ಹೆಂಡತಿ ಮಗಳ ಕೈಬಿಡಬೇಡ. ಇವನ ಆತ್ಮಕ್ಕೆ ಶಾಂತಿ ಕೊಡು. ಶಾಂತಿ ಕೊಡು, ತಂದೆ.